ಫ್ಲೆಕ್ಸಿನಲ್ಲಿ ನಕ್ಕ ಮಗು

ನನಗೆ ಮೊಮ್ಮಗಳು ಹುಟ್ಟಿದ್ದಾಳೆ. ಇದನ್ನು ಮೊದಲು ಹೇಳದಿದ್ದರೆ ಮುಂದಿನ ಒಂದು ಮಾತೂ ನನಗೆ ನೆಟ್ಟಗೆ ಬರುವುದಿಲ್ಲ. ಅರಸೀಕೆರೆಯಲ್ಲಿ ಸೊಪ್ಪಿನವಳಿಂದ ಹಿಡಿದು ಆಟೋದವರ ತನಕ ಎಲ್ಲರಿಗೂ ಹೇಳಿಯಾಗಿದೆ, ಕೆಲವರಿಗೆ ಎರಡೆರಡು ಸಲ.

ಇಷ್ಟು ಸಂತೋಷದಲ್ಲೂ ಹೊಟ್ಟೆಯೊಳಗೊಂದು ಉರಿ ಇತ್ತು, ಅದನ್ನೂ ಒಪ್ಪಿಕೊಂಡುಬಿಡುತ್ತೇನೆ. ಮಗಳು ಹೆರಿಗೆಗೆ ಬಂದದ್ದು ನಮ್ಮ ಮನೆಗೆ, ಬಾಣಂತನ ಮಾಡುತ್ತಿರುವವಳು ನಾನು. ಆದರೆ ಅವಳ ಅತ್ತೆ, ನಮ್ಮ ಬೀಗಿತ್ತಿ, ಮೂರನೇ ದಿನಕ್ಕೇ ಬೇಲೂರಿನ ಅವರ ಬೀದಿಯಲ್ಲಿ ಫ್ಲೆಕ್ಸ್ ಕಟ್ಟಿಸಿದ್ದರು. ಜರಿಸೀರೆಯುಟ್ಟು ನಿಂತ ಅವರದೇ ಫೋಟೋ, ಕೆಳಗೆ 'ಅಜ್ಜಿಯಾದ ಸಂಭ್ರಮ'. ನಾನು ಓದಿದ್ದು ಮೂರನೇ ಕ್ಲಾಸು. ಅದರಲ್ಲಿ ನನ್ನ ಹೆಸರಿಲ್ಲ ಅನ್ನೋದು ತಿಳಿಯೋಕೆ ಅಷ್ಟು ಓದು ಸಾಕಾಯಿತು.

ನಾಮಕರಣಕ್ಕೆ ಅದರ ಎರಡರಷ್ಟು ದೊಡ್ಡದು ಮಾಡಿಸಲು ಹೊರಟೆ. ಮಗುವಿಲ್ಲದ ಫ್ಲೆಕ್ಸ್ ಚೆನ್ನಾಗಿರುವುದಿಲ್ಲ. ಆದರೆ ನಮ್ಮ ಹಸುಗೂಸಿನ ಮುಖವನ್ನು ಬೀದಿಗೆ ಹಾಕಿದರೆ ದೃಷ್ಟಿ ತಾಗುತ್ತದೆ. ಫ್ಲೆಕ್ಸ್ ಅಂಗಡಿಯವನಿಗೆ, "ನೆಟ್ಟಲ್ಲಿರೋ ಯಾವ್ದಾದ್ರೂ ಮಗು ಹಾಕಪ್ಪ. ಕಣ್ಣು ಬಿದ್ರೆ ಅದಕ್ಕೇ ಬೀಳ್ಲಿ" ಅಂದೆ. ಅವನು ತೋರಿಸಿದವುಗಳಲ್ಲಿ ಗುಂಡುಗುಂಡಗೆ ನಗುತ್ತಿದ್ದ ಒಂದನ್ನು ಆರಿಸಿದೆ.

ನಾಮಕರಣದ ಬೆಳಿಗ್ಗೆ ಬಂದವರೆಲ್ಲ ಫ್ಲೆಕ್ಸಿನ ಮುಂದೆಯೇ ನಿಂತು, "ಎಷ್ಟು ಲಕ್ಷಣವಾಗೈತೆ ಮಗು" ಅಂದರು. ಒಳಗೆ ಬಂದು ತೊಟ್ಟಿಲು ನೋಡಿ, "ಇದ್ಯಾರ್ದು?" ಅಂದರು. ಬೀಗಿತ್ತಿಯ ಮೇಲಿದ್ದ ಹೊಟ್ಟೆಕಿಚ್ಚೆಲ್ಲ ಆ ಫ್ಲೆಕ್ಸಿನ ಕೂಸಿನ ಮೇಲೆ ಹೋಯಿತು. ಬೀಗಿತ್ತಿಯೂ ಬಿಡಲಿಲ್ಲ. "ಏನ್ರೀ, ಹನ್ನೊಂದು ದಿನಕ್ಕೇ ಎರಡು ಹಲ್ಲು ಬರಿಸಿದ್ದೀರಲ್ಲ" ಅಂದರು.

ಅಷ್ಟರಲ್ಲಿ ಹೆಗಲಿಗೆ ಕ್ಯಾಮೆರಾ ಹಾಕಿಕೊಂಡ ಹೆಂಗಸೊಬ್ಬಳು ಬಾಗಿಲಿಗೆ ಬಂದಳು. ಹಳೇಬೀಡಿನಲ್ಲಿ ಸ್ಟುಡಿಯೋ ಇಟ್ಟವಳು, ರೈಲು ಹಿಡಿಯಲು ಅರಸೀಕೆರೆಗೆ ಬಂದವಳಿಗೆ ದಾರಿಯಲ್ಲಿ ನಮ್ಮ ಫ್ಲೆಕ್ಸ್ ಕಂಡಿತಂತೆ. "ಫ್ಲೆಕ್ಸಲ್ಲಿರೋದು ನಾನು ತೆಗೆದ ಫೋಟೋ, ನನ್ನ ಮಗಳು. ಯಾರನ್ನ ಕೇಳಿ ಹಾಕಿದ್ರಿ?" ಅಂದಳು. "ನೆಟ್ಟಲ್ಲಿ ಬಿದ್ದಿತ್ತು ಕಣವ್ವ" ಅಂದೆ. "ನಿಮ್ಮ ತೋಟದ ಕಾಯಿ ರಸ್ತೆಗೆ ಕಾಣುತ್ತೆ ಅಂತ ನಾನು ಕಿತ್ಕೊಂಡು ಹೋಗ್ಲಾ? ಫೋಟೋ ಮೇಲೆ ನನ್ನ ಸ್ಟುಡಿಯೋ ಹೆಸರಿತ್ತು, ಅದನ್ನೂ ಅಳಿಸಿದ್ದೀರಿ. ಕೇಸಾಗುತ್ತೆ ಅಜ್ಜಿ."

ಕೇಸು ಅಂದದ್ದೇ ತಡ, ದೃಷ್ಟಿಯ ವಿಚಾರವನ್ನೂ ಸೇರಿಸಿ ಎಲ್ಲ ಒದರಿಬಿಟ್ಟೆ. ಅವಳ ಸಿಟ್ಟು ಇಳಿದು ಮುಖ ಸಣ್ಣಗಾಯಿತು. "ಆ ಕಣ್ಣೆಲ್ಲ ನನ್ನ ಮಗಳಿಗೆ ಬೀಳ್ಲಿ ಅಂತಾನಾ?" ಅಂದಳು. ಆಗಲೇ ಫ್ಲೆಕ್ಸ್ ಬಿಚ್ಚಿಸಿದೆ. ಉಪ್ಪು ಮೆಣಸಿನಕಾಯಿ ತಂದು, ಅವಳ ಮೊಬೈಲಿನಲ್ಲಿದ್ದ ಮಗುವಿಗೆ ಮೂರು ಸಲ ನಿವಾಳಿಸಿ ಒಲೆಗೆ ಹಾಕಿದೆ. ಬೇಡಬೇಡವೆಂದರೂ ಅವಳಿಗೆ ನಗು ಬಂತು.

ಹೋಗುವ ಮುಂಚೆ ನಮ್ಮ ಕೂಸಿನದೂ ಒಂದು ಫೋಟೋ ತೆಗೆದು ನನ್ನ ಮಗಳ ಮೊಬೈಲಿಗೆ ಕಳಿಸಿದಳು. "ಇದನ್ನ ಫ್ಲೆಕ್ಸಿಗೆ ಹಾಕಬಹುದಲ್ಲ?" ಅಂದೆ, ದೃಷ್ಟಿಯನ್ನೇ ಮರೆತು. "ಫೋಟೋ ನಂದು, ಮಗು ಇವರದು. ಇಬ್ರನ್ನೂ ಕೇಳ್ಬೇಕು" ಅಂತ ನನ್ನ ಮಗಳ ಕಡೆ ಕೈ ತೋರಿಸಿದಳು. "ನಾನಂತೂ ಒಪ್ಪಲ್ಲ ಕಣಮ್ಮ" ಅಂತ ಮಗಳು ಅಲ್ಲೇ ಹೇಳಿದಳು.

ಸಂಜೆ ಎರಡೂ ಮನೆಯವರು ಒಟ್ಟಿಗೆ ಊಟಕ್ಕೆ ಕೂತೆವು. ಪಕ್ಕದ ಎಲೆಯಿಂದ ಬೀಗಿತ್ತಿ, "ಆ ಫೋಟೋ ನನಗೂ ಸ್ವಲ್ಪ ಕೊಡಿಸ್ರೀ" ಅಂದರು. ಹಕ್ಕಿನ ವಿಷಯದಲ್ಲಿ ನಾವಿಬ್ಬರೂ ಸಮಸಮ, ಇಬ್ಬರಿಗೂ ಸೊನ್ನೆ. ಅದನ್ನು ಅವರಿಗೆ ಹೇಳಲಿಲ್ಲ. "ಪರ್ಮಿಷನ್ ಬೇಕಾಗುತ್ತೆ ಬೀಗಿತ್ತಿ, ನೋಡೋಣ" ಅಂದು, ಇನ್ನೊಂದು ಹೋಳಿಗೆ ಬಡಿಸಿಕೊಂಡು ಮೇಲೆ ಧಾರಾಳವಾಗಿ ತುಪ್ಪ ಹಾಕಿಸಿಕೊಂಡೆ.