ಸಣ್ಣ ಮಾವನವರ ಮುಂಗಡ ಧನ್ಯವಾದಗಳು

ನಮ್ಮ ಸಣ್ಣ ಮಾವನವರು ಇಷ್ಟು ವಯಸ್ಸಾದರೂ ಯಾರ ಮೇಲೂ ಒಂದೇ ಒಂದು ದೂರು ಬರೆದವರಲ್ಲ. ಅದಕ್ಕೇ ನೋಡಿ, ಅವರು ಮೆಟ್ಟಿಲು ಹತ್ತುತ್ತಿದ್ದಾರೆ ಎಂದರೆ ನಗರಸಭೆಯವರ ಎದೆ ಡವಡವ ಅನ್ನುತ್ತದೆ!

ದೂರು ಕೊಡುವವರು ಅಲ್ಲಿಗೆ ದಿನಾ ಬರುತ್ತಾರೆ, ಬೈಯುವವರೂ ಬರುತ್ತಾರೆ. ಅದೆಲ್ಲ ಅವರಿಗೆ ರೂಢಿ. ಆದರೆ ಇನ್ನೂ ಮಾಡದೇ ಇರುವ ಕೆಲಸಕ್ಕೆ ಬರವಣಿಗೆಯಲ್ಲಿ ಧನ್ಯವಾದ ಹೇಳಿ, ಎರಡು ಪ್ರತಿ ತಂದು, ಒಂದರ ಮೇಲೆ 'ಸ್ವೀಕರಿಸಿದೆ' ಅಂತ ಮೊಹರು ಹೊಡೆಸಿಕೊಂಡು, ಕೈ ಮುಗಿದು ಹೋಗುವ ಮನುಷ್ಯನನ್ನು ಏನು ಮಾಡಬೇಕು, ನೀವೇ ಹೇಳಿ!

ಸಣ್ಣ ಮಾವನವರೆಂದರೆ ನಮ್ಮ ಮಾವನವರ ತಮ್ಮ. ಮಾವನವರು ಈಗಿಲ್ಲ, ಇವರು ನಮ್ಮ ಮನೆಯ ಮುಂದಿನ ಕೋಣೆಯಲ್ಲೇ ಇದ್ದಾರೆ. ಟಿ.ಬಿ. ಡ್ಯಾಂನಲ್ಲಿ ಕಾಲುವೆ ಆಫೀಸಿನ ಟಪಾಲು ವಿಭಾಗದಲ್ಲಿದ್ದು ರಿಟೈರ್ ಆದವರು. ಮದುವೆಯಾಗಲಿಲ್ಲ. ಯಾಕೆ ಅಂತ ಕೇಳಿದರೆ "ಟಪಾಲಿನಾಗ ಪುರುಸೊತ್ತ ಸಿಗಲಿಲ್ಲವಾ" ಅನ್ನುತ್ತಾರೆ. ಬಂದ ಕಾಗದಕ್ಕೆ ನಂಬರು ಹಾಕುವುದು, ಹೋಗುವ ಕಾಗದಕ್ಕೆ ನಂಬರು ಹಾಕುವುದು, ಇದರಲ್ಲೇ ಆಯುಷ್ಯ ಸವೆಸಿದವರು. ಆ ಅನುಭವದಿಂದ ಹುಟ್ಟಿದ್ದು ಅವರ ಸಿದ್ಧಾಂತ.

"ನೋಡವಾ, ದೂರು ಬಂದ್ರ ಸಾಹೇಬ್ರು ಅದರ ಮೂಲ್ಯಾಗ ಏನೋ ಗೀಚಿ ಕೆಳಗಿನವರಿಗೆ ಒಗೀತಾರ. ಅವರು ಇನ್ನೂ ಕೆಳಗಿನವರಿಗೆ ಒಗೀತಾರ. ನನ್ನ ಸರ್ವಿಸಿನಾಗ ಧನ್ಯವಾದದ ಪತ್ರ ಅಂತ ಬಂದಿದ್ದು ಎರಡ ಎರಡು. ಎರಡನ್ನೂ ಸಾಹೇಬ್ರು ಮಡಚಿ ಕಿಸೇದಾಗ ಇಟ್ಕೊಂಡು ಹೆಂಡ್ತಿಗೆ ತೋರಿಸ್ಲಿಕ್ಕೆ ಮನೀಗೆ ಒಯ್ದ್ರು!"

ಈ ಸಿದ್ಧಾಂತದ ಮೊದಲ ಪ್ರಯೋಗ ನಡೆದದ್ದು ನನ್ನ ಮೇಲೇ. ಒಂದು ದಿನ ಬೆಳಿಗ್ಗೆ ಒಲೆಯ ಪಕ್ಕ ಒಂದು ಕಾಗದ ಇತ್ತು. "ವಿಷಯ: ಇಂದು ಒತ್ತುಶಾವಿಗೆ ಮಾಡಿದ್ದಕ್ಕೆ ಧನ್ಯವಾದಗಳು. ಶಾವಿಗೆ ಅತ್ಯಂತ ಮೃದುವಾಗಿತ್ತು. ಕಾಯಿಹಾಲೂ ಚೆನ್ನಾಗಿತ್ತು." ನಾನು ಅವಲಕ್ಕಿ ತೊಳೆದು ಇಟ್ಟಿದ್ದೆ! ಏನು ಮಾಡಲಿ? ಹೊಗಳಿಸಿಕೊಂಡು ಅವಲಕ್ಕಿ ಬಡಿಸಲಿಕ್ಕೆ ಕೈ ಬರುತ್ತದೆಯೇ? ಅಟ್ಟದಿಂದ ಶಾವಿಗೆ ಒರಳು ಇಳಿಸಿದೆ. ವಾರಕ್ಕೊಂದೇ ಇಂಥ ಪತ್ರ ಬರುತ್ತದೆ ಅನ್ನುವುದು ದೇವರು ನನಗಿಟ್ಟ ಪುಣ್ಯ.

ಆಮೇಲೆ ನಮ್ಮ ಓಣಿಯ ತಿರುವಿನ ದೀಪ ಕೆಟ್ಟಿತು. ನಮ್ಮ ನಾಗರಿಕ ಸಂಘದವರು ಹನುಮಪ್ಪನ ಗುಡಿ ಕಟ್ಟೆಯ ಮೇಲೆ ಸಭೆ ಸೇರಿ "ದೂರು ಕೊಡೋಣು, ಧರಣಿ ಕುಂದ್ರೋಣು" ಅಂತ ಹಾರಾಡುತ್ತಿದ್ದರು. ಸಣ್ಣ ಮಾವನವರು ಎಲ್ಲರನ್ನೂ ಸುಮ್ಮನಿರಿಸಿ ತಾವೇ ಒಂದು ಪತ್ರ ಬರೆದರು. ತಾವು ಹಾಕಿಸಿಕೊಟ್ಟ ದೀಪದ ಬೆಳಕು ಹುಣ್ಣಿಮೆಯನ್ನೂ ನಾಚಿಸುವಂತಿದೆ, ಓಣಿಯ ಹೆಣ್ಣುಮಕ್ಕಳು ತಮಗೆ ಆರತಿ ಎತ್ತುವುದೊಂದು ಬಾಕಿ, ಹೀಗೆ. ಮೂರನೆಯ ದಿನ ಏಣಿ ಹೊತ್ತುಕೊಂಡು ಲೈನ್‌ಮನ್ ಬಂದ. ಕಂಬದ ಮೇಲಿಂದಲೇ ಹೇಳಿದ: "ಸಾಹೇಬ್ರು ನಿಮ್ಮ ಪತ್ರ ಗೋಡಿಗೆ ಅಂಟಿಸ್ಯಾರ್ರಿ ಯಜಮಾನ್ರ. ಬಂದೋರೆಲ್ಲ ಓದಾಕ ಹತ್ಯಾರ. ಜಲ್ದಿ ದೀಪ ಹಾಕ್ಬರ್ರಲೇ, ಮಾನ ಹೋಗ್ತೈತಿ ಅಂದ್ರು!"

ಅಂದೇ ಸಂಘದವರು ಅವರನ್ನು ಅಧ್ಯಕ್ಷರನ್ನಾಗಿ ಮಾಡಿದರು. ಹೊಸ ಲೆಟರ್‌ಹೆಡ್ ಬಂತು, ಒಂದು ರಬ್ಬರ್ ಸ್ಟಾಂಪೂ ಬಂತು. ಮನೆಯಲ್ಲಿ ಮೆಚ್ಚದವರೊಬ್ಬರೇ, ನಮ್ಮ ಅತ್ತೆಯವರು. ಸಣ್ಣ ಮಾವನವರಿಗೆ ಅವರು ವೈನಿ, ಅಂದರೆ ಅಣ್ಣನ ಹೆಂಡತಿ. ಇಬ್ಬರಿಗೂ ದಿನಕ್ಕೆ ಮೂರು ಹೊತ್ತು ಊಟ, ನಾಲ್ಕು ಹೊತ್ತು ಜಗಳ.

"ಆಗಲಾರದ ಕೆಲಸಕ್ಕ ಥ್ಯಾಂಕ್ಸ್ ಹೇಳ್ತೀಯಲ್ಲೋ, ಅದು ಸುಳ್ಳಲ್ಲೇನು?"

"ಸುಳ್ಳಲ್ಲ ವೈನಿ, ನಂಬಿಕಿ."

"ಹಂಗಾರ ನಾ ವೈಕುಂಠಕ್ಕ ಹೋಗಿದ್ದಕ್ಕೂ ಇವತ್ತ ಒಂದು ಬರದ್ಹಾಕು!"

"ಆ ಆಫೀಸಿನ ವಿಳಾಸ ಸಿಕ್ಕಿಲ್ಲ. ಸಿಗಲಿ, ತಡೀರಿ."

ಹೀಗೆ ನಡೆದಿತ್ತು. ಅಷ್ಟರಲ್ಲಿ ಕಂಪ್ಲಿ ಕಡೆಯಿಂದ ಕಬ್ಬು ತುಂಬಿಕೊಂಡು ಬಂದ ಒಂದು ಟ್ರ್ಯಾಕ್ಟರ್ ದಾರಿ ತಪ್ಪಿ ನಮ್ಮ ಓಣಿಗೆ ನುಗ್ಗಿ, ಓಣಿಯ ಬಾಯಲ್ಲಿದ್ದ ಚರಂಡಿ ಚಪ್ಪಡಿಯನ್ನು ಎರಡು ತುಂಡು ಮಾಡಿ ಹೋಯಿತು. ಚರಂಡಿಯ ಈಚೆ ನಾವು, ಆಚೆ ಹನುಮಪ್ಪ! ಗಾಡಿಯವರು ಓಣಿಯ ಹಿಂದಿನಿಂದ ಸುತ್ತಿಕೊಂಡು ಹೋಗುತ್ತಿದ್ದರು, ಹರೆಯದವರು ಜಿಗಿಯುತ್ತಿದ್ದರು. ನಮ್ಮ ಅತ್ತೆಯವರು? ಮದುವೆಯಾಗಿ ಬಂದಾಗಿನಿಂದ ದಿನಾ ಮುಂಜಾನೆ ಹನುಮಪ್ಪನಿಗೆ ಐದು ಪ್ರದಕ್ಷಿಣೆ ಹಾಕದೆ ಕಾಫಿ ಮುಟ್ಟಿದವರಲ್ಲ. ಯಾರೋ ಅಡ್ಡ ಇಟ್ಟಿದ್ದ ಹಲಗೆಯ ಮೇಲೆ ಕಾಲಿಟ್ಟರು. ಹಲಗೆ ಜಾರಿತು, ಬಿದ್ದರು.

ಮೂಳೆ ಮುರಿಯಲಿಲ್ಲ, ದೇವರು ದೊಡ್ಡವನು. ಮೊಣಕಾಲು ಬಾತಿತ್ತು, ಅದೂ ಇಳಿಯಿತು. ಡಾಕ್ಟರು "ಇನ್ನ ಆರಾಮಾಗಿ ಅಡ್ಡಾಡ್ರಿ ಅಮ್ಮಾ" ಅಂದರು. ಆದರೆ ಅತ್ತೆಯವರು ಹೊಸ್ತಿಲು ದಾಟಲೇ ಇಲ್ಲ. ಮುಂಜಾನೆ ಸ್ನಾನ ಮಾಡಿ ಪಡಸಾಲೆಯ ಕಿಟಕಿಗೆ ನಿಂತು, ಗುಡಿಯ ಗಂಟೆ ಕೇಳಿದಾಗ ಅಲ್ಲಿಂದಲೇ ಕೈ ಮುಗಿದು, ತಾವು ನಿಂತಲ್ಲೇ ಐದು ಸುತ್ತು ಸುತ್ತುತ್ತಿದ್ದರು. ಕಾಫಿ ಕುಡಿಯುತ್ತಿದ್ದರು, ಆದರೆ ಅರ್ಧ ಲೋಟ ಬಿಡುತ್ತಿದ್ದರು. ಸಣ್ಣ ಮಾವನವರ ಜೊತೆ ಜಗಳವನ್ನೂ ಬಿಟ್ಟರು. ಆಗ ನನಗೆ ನಿಜವಾಗಿ ಹೆದರಿಕೆಯಾಯಿತು.

ಸಣ್ಣ ಮಾವನವರು ಪೆನ್ನು ತೆಗೆದರು. ಚಪ್ಪಡಿಗೆ ಧನ್ಯವಾದ ಹೋಯಿತು. ಎಂಥ ಧನ್ಯವಾದ ಅಂತೀರಿ! "ಹಂಪಿಯ ಕಲ್ಲಿನ ಕಟ್ಟಡಗಳಂತೆ ಸಾವಿರ ವರ್ಷ ಬಾಳುವ ಚಪ್ಪಡಿಯನ್ನು ಹಾಕಿಸಿಕೊಟ್ಟ ತಮಗೆ…" ವಾರ ಕಳೆಯಿತು, ಯಾರೂ ಬರಲಿಲ್ಲ. ಎರಡು ವಾರ ಆಯಿತು, ಯಾರೂ ಇಲ್ಲ. ನಮ್ಮವರಿಗೆ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ಹಗಲು ಶಿಫ್ಟು. ಹಾಗಾಗಿ ವಿಚಾರಿಸಲಿಕ್ಕೆ ಸಣ್ಣ ಮಾವನವರ ಜೊತೆ ನಾನೇ ಕಚೇರಿಗೆ ಹೋದೆ.

ಹೊಸದಾಗಿ ಬಂದ ಇಂಜಿನಿಯರ್ ಮೇಡಂ, ಇನ್ನೂ ಹುಡುಗಿ. ಕಡತ ತೆಗೆದು ನೋಡಿದರು.

"ನಿಮ್ಮ ಓಣಿಯ ಒಬ್ಬರು ಚಪ್ಪಡಿ ಒಡೆದಿದೆ ಅಂತ ಅರ್ಜಿ ಕೊಟ್ಟಿದ್ದರು. ಆದರೆ ಕೆಲಸ ಮುಗಿದಿದೆ ಅಂತ ಮುಕ್ತಾಯ ಮಾಡಿದ್ದೇವಲ್ಲ?"

"ಯಾರ್ರಿ ಹೇಳಿದ್ದು ಮುಗದದ ಅಂತ?" ಸಣ್ಣ ಮಾವನವರು ಎದ್ದು ನಿಂತರು.

ಮೇಡಂ ಕಾಗದ ತಿರುಗಿಸಿ ತೋರಿಸಿದರು. "ನೀವೇ ಸರ್! ಸಂಘದ ಅಧ್ಯಕ್ಷರ ಸಹಿ, ಸ್ಟಾಂಪು. ಸಾವಿರ ವರ್ಷ ಬಾಳ್ತದೆ ಅಂತ ಗ್ಯಾರಂಟಿ ಬೇರೆ ಕೊಟ್ಟೀರಿ!"

ಸಣ್ಣ ಮಾವನವರು ಕುಳಿತುಬಿಟ್ಟರು. ಆಯುಷ್ಯವಿಡೀ ಟಪಾಲು ಕಂಡ ಆ ಮನುಷ್ಯನಿಗೆ ಟಪಾಲೇ ಕೈಕೊಟ್ಟಿತ್ತು! ದಾರಿಯಲ್ಲಿ ನಾನು ಮೆಲ್ಲಗೆ ಅಂದೆ, "ಮಾವಾ, ಒಂದು ದೂರು ಬರದ್ಬಿಡ್ರಿ. ಧನ್ಯವಾದ ವಾಪಸ್ ತಗೊಂಡೇವಿ ಅಂತ."

"ಕೊಟ್ಟ ಧನ್ಯವಾದ ವಾಪಸ್ ತಗೋಬಾರದವಾ" ಅಂದರು. ಮನೆಗೆ ಬಂದವರೇ ಇನ್ನೊಂದು ಪತ್ರ ಬರೆದರು. ಈ ಸಲ ಧನ್ಯವಾದವಲ್ಲ, ಆಮಂತ್ರಣ: ಶನಿವಾರ ಬೆಳಿಗ್ಗೆ ಹತ್ತು ಗಂಟೆಗೆ ಚಪ್ಪಡಿಯ ಉದ್ಘಾಟನೆ, ಇಂಜಿನಿಯರ್ ಮೇಡಂ ಅವರೇ ಮುಖ್ಯ ಅತಿಥಿಗಳು. ನನಗೂ ಒಲೆಯ ಹತ್ತಿರ ಒಂದು ಕಾಗದ ಬಂತು. "ವಿಷಯ: ಓಣಿಯ ಎಲ್ಲರಿಗೂ ಒಗ್ಗರಣೆ ಮಂಡಕ್ಕಿ, ಮಿರ್ಚಿ ಮಾಡಿದ್ದಕ್ಕೆ ಧನ್ಯವಾದಗಳು!"

ಶನಿವಾರ ಮೇಡಂ ಸ್ಕೂಟಿಯಲ್ಲಿ ಬಂದಿಳಿದರು. ಚರಂಡಿಯ ಎರಡೂ ಬದಿ ಬಾಳೆಕಂಬ, ಮಧ್ಯೆ ಚೆಂಡುಹೂವಿನ ಸರ, ತಟ್ಟೆಯಲ್ಲಿ ಕತ್ತರಿ. ಸರದ ಕೆಳಗೆ ಹರಿಯುತ್ತಿರುವ ಚರಂಡಿ!

"ಚಪ್ಪಡಿ ಎಲ್ಲಿ ಸರ್?"

"ನಿಮ್ಮ ಕಡತದಾಗ ಅದ ಮೇಡಂ" ಅಂದರು ಸಣ್ಣ ಮಾವನವರು, ಕೈ ಮುಗಿದು. "ಅಲ್ಲಿಂದ ಇಲ್ಲೀಗೆ ಬರೋದಷ್ಟ ಬಾಕಿ."

ಆ ಹುಡುಗಿ ನಕ್ಕಳು ನೋಡಿ! ನಗುತ್ತ ನಗುತ್ತ ನಮ್ಮ ಮನೆ ಕಟ್ಟೆಯ ಮೇಲೆ ಕುಳಿತು ಮೂರು ಮಿರ್ಚಿ ತಿಂದು, "ಮಸ್ತ್ ಆಗ್ಯಾವ ಆಂಟಿ" ಅಂದು, ಕತ್ತರಿಯನ್ನು ಸಣ್ಣ ಮಾವನವರ ಕೈಗೇ ಕೊಟ್ಟು ಹೋದಳು. "ಇದು ನಿಮ್ಮಲ್ಲೇ ಇರಲಿ ಸರ್, ಮತ್ತ ಬರ್ತೀನಿ." ಐದನೆಯ ದಿನ ಹೊಸ ಚಪ್ಪಡಿ ಬಂತು. ಹೇಳಿದಂತೆ ಬಂದು ಸರವನ್ನೂ ಕತ್ತರಿಸಿದಳು. ಒಳ್ಳೆಯ ಮನೆತನದ ಮಗಳು, ದೇವರು ಚೆನ್ನಾಗಿಟ್ಟಿರಲಿ.

ಮೊದಲು ವೈನಿಯೇ ದಾಟಬೇಕು ಅಂತ ಸಣ್ಣ ಮಾವನವರು ತೆಂಗಿನಕಾಯಿ ಹಿಡಿದು ಪಡಸಾಲೆಗೆ ಬಂದರು. ಅತ್ತೆಯವರು ಕಿಟಕಿಯಿಂದ ಅಲುಗಲಿಲ್ಲ. "ನನಗ ಬ್ಯಾಡೋ. ನನಗ ಇಲ್ಲಿಂದನ ಕಾಣಸ್ತಾನ ಹನುಮಪ್ಪ."

ಕಾಣಿಸುವುದು ಎದುರು ಮನೆಯ ನೀರಿನ ಟ್ಯಾಂಕು. ನಮಗೆಲ್ಲ ಗೊತ್ತು. ಸಣ್ಣ ಮಾವನವರು ಕಾಯಿಯನ್ನು ದೇವರ ಮುಂದಿಟ್ಟು ತಮ್ಮ ಕೋಣೆಗೆ ಹೋದರು. ಓಣಿಗೆಲ್ಲ ಚಪ್ಪಡಿ ಬಂದಿತ್ತು. ಯಾರಿಗಾಗಿ ಬಂತೋ ಅವರೇ ದಾಟಲಿಲ್ಲ.

ಮುಂದಿನ ಶನಿವಾರ ದೇವರ ಕೋಣೆಯಲ್ಲಿ ಹೂವು ಬದಲಿಸುತ್ತಿದ್ದೆ. ಹನುಮಪ್ಪನ ಪಟ ಸ್ವಲ್ಪ ಸೊಟ್ಟಗಿತ್ತು. ಸರಿ ಮಾಡಲು ಹೋದರೆ ಹಿಂದಿನಿಂದ ಎರಡು ಕಾಗದ ಬಿದ್ದವು. ಸಂಘದ ಲೆಟರ್‌ಹೆಡ್! ನಂಬರು, ಸಹಿ, ಸ್ಟಾಂಪು, ಎಲ್ಲ ಕ್ರಮಬದ್ಧ. ತಾರೀಕು ಅತ್ತೆಯವರು ಚಪ್ಪಡಿ ದಾಟಲು ಒಲ್ಲೆನೆಂದ ದಿನದ್ದು.

"ಗೆ, ಶ್ರೀ ಹನುಮಂತ ದೇವರು, ಚರಂಡಿಯ ಆಚೆ.

ವಿಷಯ: ನಮ್ಮ ವೈನಿಯವರನ್ನು ಮತ್ತೆ ತಮ್ಮ ಸನ್ನಿಧಿಗೆ ನಡೆದು ಬರುವಂತೆ ಮಾಡಿದ್ದಕ್ಕೆ ಧನ್ಯವಾದಗಳು.

ಮಾನ್ಯರೇ, ನಮ್ಮ ತಾಯಿ ತೀರಿಕೊಂಡ ವರ್ಷ ಈ ಮನೆಗೆ ಸೊಸೆಯಾಗಿ ಬಂದ ನಮ್ಮ ವೈನಿಯವರು ಚಿಕ್ಕ ಹುಡುಗನಾಗಿದ್ದ ನನ್ನ ಕೈಯನ್ನು ದಿನಾ ಹಿಡಿದು ಇದೇ ಚರಂಡಿ ದಾಟಿಸಿ ತಮ್ಮಲ್ಲಿಗೆ ಕರೆತರುತ್ತಿದ್ದುದು ತಮಗೆ ತಿಳಿದೇ ಇದೆ. ಅವರಿಗೆ ಕಾಲನ್ನೂ, ಅದಕ್ಕಿಂತ ಹೆಚ್ಚಾಗಿ ಧೈರ್ಯವನ್ನೂ ಮರಳಿ ಕೊಟ್ಟಿದ್ದಕ್ಕೆ ಸಂಘದ ಪರವಾಗಿ, ಮತ್ತು ನನ್ನ ಪರವಾಗಿ, ವಂದನೆಗಳು."

ಎರಡು ಪ್ರತಿ. ಎರಡರ ಮೇಲೂ 'ಸ್ವೀಕರಿಸಿದೆ' ಅನ್ನುವ ಮೊಹರಿಲ್ಲ.

ನನಗೆ ಓದಿ ತಡೆಯಲಾಗಲಿಲ್ಲ. ಕಿಟಕಿಗೆ ನಿಂತಿದ್ದ ಅತ್ತೆಯವರ ಹತ್ತಿರ ಹೋಗಿ ಗಟ್ಟಿಯಾಗಿ ಓದಿ ಹೇಳಿದೆ. ಅವರು ನೀರಿನ ಟ್ಯಾಂಕಿನ ಕಡೆಯಿಂದ ಮುಖ ತಿರುಗಿಸಿದರು. ಆಮೇಲೆ ಸೆರಗಿನಿಂದ ಮೂಗು ಒರೆಸಿಕೊಂಡರು.

"ಹುಚ್ಚ ಮುಂಡೇದು! ದೇವರಿಗೂ ಹಿಂಗ ಬರದಾನಲ್ಲೇ! ಈಗ ನಾ ಹೋಗಲಿಲ್ಲಂದ್ರ, ಮಾಡಲಾರದ ಕೆಲಸಕ್ಕ ಥ್ಯಾಂಕ್ಸ್ ತಗೊಂಡಂಗಾತಲ್ಲ ಪಾಪ ಹನುಮಪ್ಪ… ಅವನ ಮಾನಾನೂ ತಗೀತಾನ ಇವ. ಆ ಕೋಲು ತಾ."

ಕೋಲು ಕೊಟ್ಟೆ. ಹೊಸ್ತಿಲ ಮೇಲೆ ಒಂದು ಗಳಿಗೆ ನಿಂತರು. ಆಮೇಲೆ ಕೋಲನ್ನು ನನ್ನ ಕೈಗೇ ವಾಪಸು ಕೊಟ್ಟು, ಮುಂದಿನ ಕೋಣೆಯ ಬಾಗಿಲಿಗೆ ಮುಖ ಮಾಡಿ ಕೂಗಿದರು: "ಲೇ ಅಧ್ಯಕ್ಷಾ! ಹೊರಗ ಬಾ. ಕೈ ಹಿಡಿ."

ಅವರಿಬ್ಬರೂ ಚಪ್ಪಡಿಯ ಮೇಲೆ ನಿಂತು ಜಗಳಾಡುವುದು ಮನೆಯೊಳಗೆ ಕೇಳಿಸುತ್ತಿತ್ತು. ನಾನು ಒಳಗೆ ಬಂದು ಒಂದು ಪ್ರತಿಯನ್ನು ಪಟದ ಹಿಂದೆ ಇಟ್ಟೆ. ಇನ್ನೊಂದರ ಮೂಲೆಗೆ ದೇವರ ಮುಂದಿನ ಬಟ್ಟಲಿಂದ ಉಂಗುರ ಬೆರಳಿನಲ್ಲಿ ಒಂದು ಬೊಟ್ಟು ಕುಂಕುಮ ಒತ್ತಿ, ಸಣ್ಣ ಮಾವನವರ ಮೇಜಿನ ಮೇಲೆ ಇಟ್ಟು ಬಂದೆ.