ಏದುಸಿರಿಗೆ ಭಜನೆ ಬರೆದುಕೊಟ್ಟ ಡಾಕ್ಟರರಿಗೆ

ಪವಾಯಿ, ಮುಂಬಯಿ
ಫೆಬ್ರವರಿ 1990

ಕ್ಷೇಮಶಾಸ್ತ್ರ ಪಾರಂಗತರೂ, ಬಾಂದ್ರಾದ ಸಂಶೋಧನಾ ಕೇಂದ್ರದ ಕಣ್ಮಣಿಗಳೂ, ಗುಳಿಗೆಯಿಲ್ಲದೆ ಗುಣಪಡಿಸುವ ವಿದ್ಯೆಯನ್ನು ಕಂಡುಹಿಡಿದವರೂ ಆದ ಡಾ. ಸದಾನಂದ ಅವರ ಸನ್ನಿಧಿಗೆ, ಕೆರೆಯ ಪಕ್ಕದ ಬಿಲ್ಡಿಂಗಿನ ಮೂರನೆಯ ಮಾಳಿಗೆಯಿಂದ ರಮಾಮಣಿ ಎಂಬ ಗೃಹಿಣಿ ಮಾಡುವ ಅನಂತ ನಮಸ್ಕಾರಗಳು.

ಮಾನ್ಯರೇ,

ತಮ್ಮ ಪ್ರಬಂಧದ ಕನ್ನಡ ಸಾರಾಂಶವನ್ನು ನಮ್ಮ ಊರಿನ ವಾರಪತ್ರಿಕೆಯವರು ತಮ್ಮ ಭಾವಚಿತ್ರದೊಡನೆ ಅಚ್ಚು ಹಾಕಿದ್ದನ್ನು ಓದಿ ಧನ್ಯಳಾದೆ. ದವಾಖಾನೆಗೆ ಬರುವ ಬಡವರಲ್ಲಿ ಬಹುಮಂದಿಗೆ ಇರುವುದು ರೋಗವೇ ಅಲ್ಲ, ಒಂಟಿತನ. ಅವರಿಗೆ ಗುಳಿಗೆಯ ಬದಲು ನಾಲ್ಕು ಜನರ ಸಂಗವನ್ನು ಬರೆದುಕೊಟ್ಟರೆ ಸಾಕು, ಕ್ಷೇಮವು ತಾನಾಗಿ ಏರುತ್ತದೆ ಎಂಬ ತಮ್ಮ ಸಿದ್ಧಾಂತವನ್ನೂ, ಅದಕ್ಕೆ ತಾವಿಟ್ಟ 'ಸಾಮಾಜಿಕ ಔಷಧಿ' ಎಂಬ ಮುದ್ದಾದ ಹೆಸರನ್ನೂ ನಮ್ಮ ಯಜಮಾನರಿಗೆ ಗಟ್ಟಿಯಾಗಿ ಓದಿ ಹೇಳಿದೆ. ಅವರು ಯಾವುದನ್ನೂ ಬೇಗ ಮೆಚ್ಚುವವರಲ್ಲ. ಅವರು ಕೂಡ, "ಸರ್ಕಾರಕ್ಕೆ ಇದು ಬಹಳ ಹಿಡಿಸತ್ತೆ ಕಣೇ, ಔಷಧದ ಖರ್ಚೇ ಇಲ್ಲ" ಎಂದರು.

ಆ ಪ್ರಬಂಧದಲ್ಲಿ 'ಪವಾಯಿಯ ಒಂದು ಭಜನಾ ಗುಂಪು' ಎಂದಿರುವುದು ನಮ್ಮ ಮನೆಯಲ್ಲಿ ಪ್ರತಿ ಗುರುವಾರ ಮಧ್ಯಾಹ್ನ ಸೇರುವ ಹೆಂಗಸರ ಗುಂಪು. 'ದೇ. ಎಂಬ ಕೂಲಿಕಾರ ಮಹಿಳೆ' ಎಂದಿರುವುದು ನಮ್ಮ ದೇವಕ್ಕ. ಏದುಸಿರೆಂದು ಆಕೆ ತಮ್ಮಲ್ಲಿಗೆ ಬಂದಳೆಂದೂ, ತಾವು ಭಜನೆ ಬರೆದುಕೊಟ್ಟಿರೆಂದೂ, ಕ್ರಮೇಣ ಆಕೆಯ ಮುಖದಲ್ಲಿ ನಗೆ ಮೂಡಿತೆಂದೂ, ಕೊನೆಗೆ ಆಕೆ 'ಸಂಪೂರ್ಣ ಕ್ಷೇಮ ಹೊಂದಿ, ಗುಂಪಿನ ಅಗತ್ಯವೇ ಇಲ್ಲದವಳಾಗಿ ಹೊರನಡೆದಳು' ಎಂದೂ ಬರೆದಿದ್ದೀರಿ. ಶೈಲಿ ಸೊಗಸಾಗಿದೆ. ಆದರೆ ದೇವಕ್ಕ ಹೊರನಡೆಯಲಿಲ್ಲ, ಮಾನ್ಯರೇ. ನಾವು ಅವಳನ್ನು ಹೊತ್ತುಕೊಂಡು ಇಳಿಸಿದೆವು. ಇಷ್ಟು ಸಣ್ಣ ತಿದ್ದುಪಡಿಯನ್ನು ಸೂಚಿಸುವ ಸಲುವಾಗಿ ಅದೇ ವಾರಪತ್ರಿಕೆಯ ಮೂಲಕ ಈ ಬಹಿರಂಗ ಕಾಗದ.

ತಮಗೆ ಕೆಲಸದ ಒತ್ತಡದಲ್ಲಿ ಮರೆತಿರಬಹುದು, ಆದ್ದರಿಂದ ಮೊದಲಿನಿಂದಲೇ ನೆನಪಿಸುತ್ತೇನೆ. ದೇವಕ್ಕ ವಿಜಾಪುರದ ಕಡೆಯವಳು, ಇನ್ನೂ ಮೂವತ್ತು ದಾಟದವಳು. ಗಂಡ ಮರೆಪ್ಪ ಇಲ್ಲಿ ಮೇಲೇಳುತ್ತಿರುವ ಹೊಸ ಕಟ್ಟಡಗಳಲ್ಲಿ ಗಾರೆ ಕೆಲಸ ಮಾಡುತ್ತಾನೆ. ಇವಳು ನಮ್ಮ ಬಿಲ್ಡಿಂಗಿನ ಮನೆಗಳಲ್ಲಿ ಪಾತ್ರೆ ತೊಳೆಯುತ್ತಿದ್ದಳು. ಮೆಟ್ಟಿಲು ಹತ್ತಿದರೆ ಏದುಸಿರು, ಮಲಗಿದರೆ ಕೆಮ್ಮು ಎಂದು ಗುಡ್ಡದ ಕೆಳಗೆ ತಾವು ಶನಿವಾರ ನಡೆಸುತ್ತಿದ್ದ ಉಚಿತ ದವಾಖಾನೆಗೆ ಬಂದಳು. ಬೇರೆ ಡಾಕ್ಟರರಾಗಿದ್ದರೆ ಎದೆಗೆ ಸ್ಟೆತಾಸ್ಕೋಪು ಇಟ್ಟು ತಮ್ಮ ಸಂಸ್ಕಾರಹೀನತೆಯನ್ನು ತೋರಿಸುತ್ತಿದ್ದರು. ತಾವು ಅದನ್ನು ಕೊರಳಲ್ಲೇ ಇರಿಸಿಕೊಂಡು, "ಈ ಊರಿನಲ್ಲಿ ನಿಮಗೆ ನಿಮ್ಮವರು ಅಂತ ಯಾರಿದ್ದಾರೆ ತಾಯಿ?" ಎಂದು ಕೇಳಿದಿರಿ.

"ಯಾರದಾರ್ರಿ ಸಾಹೇಬ್ರ, ಗಂಡ ಒಬ್ಬ ಅದಾನ" ಎಂದಳಂತೆ.

ರೋಗ ತಮಗೆ ಅಲ್ಲೇ ಸಿಕ್ಕಿಬಿಟ್ಟಿತು. ಅವಳು ಪಾತ್ರೆ ತೊಳೆಯುವ ಬಿಲ್ಡಿಂಗಿನಲ್ಲೇ ನಮ್ಮ ಭಜನೆ ನಡೆಯುತ್ತದೆಂದು ಅವಳ ಬಾಯಿಂದಲೇ ತಿಳಿದು, ಇಂಗ್ಲಿಷಿನಲ್ಲಿ ಒಂದು ಚೀಟಿ ಬರೆದುಕೊಟ್ಟಿರಿ. ಅವಳು ಅದನ್ನು ಭಕ್ತಿಯಿಂದ ಸೆರಗಿನಲ್ಲಿ ಕಟ್ಟಿಕೊಂಡು ಔಷಧಿ ಅಂಗಡಿಗೆ ಒಯ್ದಳು. ಅಂಗಡಿಯವನು ತಿರುಗಿಸಿ ಮುರುಗಿಸಿ ನೋಡಿ, "ಯೇ ದವಾ ಅಪನೆ ಪಾಸ್ ನಹೀ ಹೈ ಬಾಯಿ, ಕೋಯಿ ರಮಾಮಣಿ ಕೆ ಘರ್ ಮೆ ಮಿಲೇಗಾ" ಈ ಔಷಧಿ ನಮ್ಮಲ್ಲಿಲ್ಲ, ಯಾರೋ ರಮಾಮಣಿಯ ಮನೆಯಲ್ಲಿ ಸಿಗುತ್ತದೆ ಎಂದು ಚೀಟಿ ವಾಪಸು ಕೊಟ್ಟ. ಹೀಗೆ ನಾನು ಔಷಧಿಯಾದೆ. ನನ್ನ ಒಪ್ಪಿಗೆ ಕೇಳುವ ಗೋಜಿಗೆ ತಾವು ಹೋಗದಿದ್ದುದು ಸರಿಯೇ. ಗುಳಿಗೆಗಳನ್ನು ಯಾರು ಕೇಳುತ್ತಾರೆ?

ಅವಳು ಬಂದಳು. ಮೊದಲ ದಿನ ನನ್ನ ಗೆಳತಿ ವಿಮಲಾ, ತನ್ನ ಮನೆಯ ಪಾತ್ರೆ ತೊಳೆಯುವವಳು ತನ್ನ ಪಕ್ಕದಲ್ಲೇ ಕೂರುವುದೇ ಎಂದು, ಬಾಗಿಲ ಬಳಿ ಬೇರೆ ಚಾಪೆ ಹಾಸಿದಳು. ದೇವಕ್ಕ ಅದಕ್ಕೆ ಬೇಸರಪಡದೆ ಅಲ್ಲೇ ಕೂತು, ನಾವು ಒತ್ತಾಯಿಸಿದ ಮೇಲೆ ತನ್ನ ಊರಿನ ಪದವೊಂದನ್ನು ಹೇಳಿದಳು. ಎಂಥ ಕಂಠ, ಮಾನ್ಯರೇ! ವಿಮಲಾ ತಾಳ ಹಾಕುವುದನ್ನು ನಿಲ್ಲಿಸಿ ಕೇಳಿದಳು. ಮುಂದಿನ ಗುರುವಾರ ಚಾಪೆ ತಾನಾಗಿ ಒಳಗೆ ಸರಿಯಿತು. ಆದರೆ ಒಂದು ಸಾಲನ್ನೂ ಅವಳು ಪೂರ್ತಿ ಮುಗಿಸುತ್ತಿರಲಿಲ್ಲ. ನಡುವೆ ಉಸಿರು ಕಡಿದು, ಎದೆ ಹಿಡಿದುಕೊಂಡು ನಕ್ಕುಬಿಡುತ್ತಿದ್ದಳು. ಆ ನಗೆಯನ್ನೇ, ವಾರವಾರ ಲೆಕ್ಕ ಬರೆದುಕೊಳ್ಳಲು ತಾವು ಕಳಿಸುತ್ತಿದ್ದ ಸಹಾಯಕಿ ಬರೆದುಕೊಂಡದ್ದು. ಆಕೆ ಅಳುವ ಮುಖದಿಂದ ನಗುವ ಮುಖದವರೆಗೆ ಸಾಲಾಗಿ ಚಿತ್ರಗಳಿದ್ದ ರಟ್ಟೊಂದನ್ನು ತೋರಿಸಿ ಈ ವಾರ ನಿನ್ನದು ಯಾವ ಮುಖ ಎಂದು ಕೇಳಿದಾಗ ದೇವಕ್ಕ ತೀರ ನಗುವ ಮುಖಕ್ಕೆ ಬೆರಳಿಟ್ಟು, "ಇದು ಚಂದ ಐತ್ರಿ, ನಮ್ಮ ತಂಗಿ ಕೂಸಿನ ಹಂಗ" ಎಂದಳು. ಪ್ರಬಂಧದಲ್ಲಿ ಏರುಮುಖವಾಗಿ ಕಾಣುವ ಆ ಭವ್ಯ ರೇಖೆಗೆ ಆಕೆಯ ತಂಗಿಯ ಕೂಸಿನ ಕಾಣಿಕೆಯೂ ಇದೆ ಎಂಬುದನ್ನು ಅಡಿಟಿಪ್ಪಣಿಯಲ್ಲಾದರೂ ಸ್ಮರಿಸಬೇಕಾಗಿ ವಿನಂತಿ.

ಕ್ಷೇಮ ಏರುತ್ತಾ ಹೋದಂತೆ ಅವಳ ಪಾದಗಳು ಊದಿದವು. ಪ್ರತಿ ಮಾಳಿಗೆಯಲ್ಲೂ ಮೆಟ್ಟಿಲ ಮೇಲೆ ಕೂತು ಸುಧಾರಿಸಿಕೊಳ್ಳತೊಡಗಿದಳು. "ಮಲಗಾಕ ಆಗೂದಿಲ್ರಿ ಅಕ್ಕಾರ, ಗ್ವಾಡಿಗೆ ಬೆನ್ನ ಹಚ್ಚಿ ಕುಂತ ನಿದ್ದಿ ಮಾಡತೇನಿ" ಎಂದಳು. ಮೇಲಾಗಿ ಬಸುರಿ. ನಾನೇ ಅವಳನ್ನು ಕರೆದುಕೊಂಡು ತಮ್ಮ ದವಾಖಾನೆಗೆ ಬಂದು, "ಡಾಕ್ಟ್ರೇ, ದಯವಿಟ್ಟು ಎದೆ ಒಂದ್ಸಲ ನೋಡಿ" ಎಂದು ಕೇಳಿಕೊಂಡೆ. ತಾವು ನನ್ನ ಅಜ್ಞಾನವನ್ನು ಕ್ಷಮಿಸುವವರಂತೆ ಮುಗುಳ್ನಕ್ಕು, "ನೋಡಿ ಅಮ್ಮ, ಎಲ್ಲರೂ ಕಾಯಿಲೆಯನ್ನು ನೋಡ್ತಾರೆ, ನಾವಿಲ್ಲಿ ಬದುಕನ್ನು ನೋಡ್ತಾ ಇದ್ದೇವೆ" ಎಂದಿರಿ. ಆಹಾ! ಆ ಮಾತನ್ನು ಕೇಳಿ ನನ್ನ ಹಿಂದೆ ಸಾಲಿನಲ್ಲಿ ನಿಂತಿದ್ದ ರೋಗಿಗಳೆಲ್ಲ ಬಾಯಿ ಮುಚ್ಚಿದರು. ತಾವು ಡೋಸ್ ಹೆಚ್ಚಿಸಿದಿರಿ: ಗುರುವಾರದ ಜೊತೆಗೆ ಸೋಮವಾರವೂ ಭಜನೆ, ಸಂಜೆ ಕೆರೆಯ ಸುತ್ತ ಗೆಳತಿಯರೊಡನೆ ನಡಿಗೆ, ಬಿಡುವಿನಲ್ಲಿ ಹುಟ್ಟಲಿರುವ ಕೂಸಿಗೆ ಕುಲಾಯಿ ಹೆಣೆಯುವುದು.

ಸೋಮವಾರದ ಆ ಹೆಚ್ಚುವರಿ ಡೋಸನ್ನು ಸೇವಿಸುತ್ತಿರುವಾಗಲೇ ದೇವಕ್ಕನಿಗೆ ಕೆಮ್ಮು ಹತ್ತಿತು. ಸೆರಗು ಬಾಯಿಗೆ ಒತ್ತಿ ಹಿಡಿದಳು. ತೆಗೆದಾಗ ಅದರಲ್ಲಿ ನೊರೆ ಸೇರಿದ ರಕ್ತ. ಅವಳ ತುಟಿ ನೀಲಿಗಟ್ಟಿತ್ತು. ಲಿಫ್ಟು ಎಂದಿನಂತೆ ಕೆಟ್ಟಿತ್ತು. ಕುರ್ಚಿಯಲ್ಲಿ ಕೂರಿಸಿ, ನಾವು ನಾಲ್ವರು ಹೆಂಗಸರು, ಮಂಡಿನೋವಿನವರು ಸಕ್ಕರೆ ಕಾಯಿಲೆಯವರು ಸೇರಿ, ಕೆಳಗೆ ಇಳಿಸಿದೆವು. ಟ್ಯಾಕ್ಸಿಯಲ್ಲಿ ವಿಮಲಾ ಅವಳನ್ನು ತನ್ನ ಎದೆಗೆ ಒರಗಿಸಿಕೊಂಡು, "ಉಸಿರು ತಗೊಳ್ಳೇ ದೇವಕ್ಕ, ನಿಲ್ಲಿಸಬೇಡ ಕಣೇ" ಎಂದು ದಾರಿಯುದ್ದಕ್ಕೂ ಬಡಬಡಿಸುತ್ತಿದ್ದಳು. ಬೇರೆ ಚಾಪೆಯ ನೆನಪು ಅವಳಿಗಾಗಲಿ ನಮಗಾಗಲಿ ಆಗ ಇರಲಿಲ್ಲ.

ಮುನಿಸಿಪಾಲಿಟಿಯ ದೊಡ್ಡ ಆಸ್ಪತ್ರೆಯಲ್ಲಿ ಒಬ್ಬ ಲೇಡಿ ಡಾಕ್ಟರು, ತಮ್ಮ ಮಗಳ ವಯಸ್ಸಿನವರು, ಬದುಕನ್ನು ನೋಡಲು ಅವರಿಗೆ ಪುರಸೊತ್ತಿರಲಿಲ್ಲ, ನೇರವಾಗಿ ಎದೆಗೆ ಸ್ಟೆತಾಸ್ಕೋಪು ಇಟ್ಟರು. ಇಟ್ಟವರು ತಲೆ ಎತ್ತಿ ನಮ್ಮನ್ನು ನೋಡಿದ ನೋಟವನ್ನು ನಾನು ಮರೆಯಲಾರೆ.

"ಇತ್ಕೆ ದಿವಸ್ ಕಾಯ್ ಕರತ್ ಹೋತಾ?" ಇಷ್ಟು ದಿನ ಏನು ಮಾಡುತ್ತಿದ್ದಿರಿ ಎಂದು ಮರಾಠಿಯಲ್ಲಿ ಗದರಿದರು.

ವಿಮಲಾ ಕಣ್ಣೊರೆಸಿಕೊಂಡು, "ಭಜನ್" ಎಂದಳು.

ಚಿಕ್ಕಂದಿನಲ್ಲಿ ಬಂದ ಕೀಲುನೋವಿನ ಜ್ವರದಿಂದ ದೇವಕ್ಕನ ಹೃದಯದ ಕವಾಟವೊಂದು ಬಿಗಿದು ಕಿರಿದಾಗಿತ್ತು. ಬಸುರಿನ ಭಾರಕ್ಕೆ ಅದು ಸೋತಿತ್ತು. ಕೂಸು ಆ ವಾರವೇ ಹೋಯಿತು. ಮರೆಪ್ಪ ಸಿಮೆಂಟು ಮೆತ್ತಿದ ಬಟ್ಟೆಯಲ್ಲೇ ವರಾಂಡದಲ್ಲಿ ಕೂತು, ನಾನು ಹತ್ತಿರ ಹೋದಾಗ, "ಡಾಕ್ಟರ್ ಸಾಹೇಬ್ರು ಏನೂ ಇಲ್ಲ ಅಂದಿದ್ರಲ್ರಿ ಬಾಯೇರ" ಎಂದು ಮಾತ್ರ ಅಂದ. ಅದಕ್ಕೆ ಉತ್ತರ ತಮಗೆ ಸಾಧ್ಯವಾದರೆ ಕೊಡಿ, ವಿಳಾಸ ತಿಳಿಸುತ್ತೇನೆ. ಆಮೇಲೆ ಅವಳಿಗೆ ಆಪರೇಷನ್ ಆಯಿತು, ಕವಾಟ ಬಿಡಿಸಿದರು, ಬದುಕಿದಳು. ನಮ್ಮ ಗುಂಪಿನವರು ಸರದಿಯ ಮೇಲೆ ಅವಳ ಪಕ್ಕದಲ್ಲಿದ್ದೆವು. ಅದೇ ಹೊತ್ತಿಗೆ ತಮ್ಮ ಸಹಾಯಕಿ ಮನೆಗೆ ಬಂದು ದೇವಕ್ಕ ಯಾಕಿಲ್ಲ ಎಂದು ವಿಚಾರಿಸಿದಳು. ಆಸ್ಪತ್ರೆಯಲ್ಲಿದ್ದಾಳೆ ಎಂದೆ. "ಆಂಟಿ, ಆಸ್ಪತ್ರೆ ಅಂತ ನಮ್ಮ ಫಾರಂನಲ್ಲಿ ಬರೆಯೋಕ್ಕೆ ಜಾಗ ಇಲ್ಲ. 'ಮುಂದುವರಿದಿದ್ದಾರೆ', 'ಬಿಟ್ಟಿದ್ದಾರೆ', ಎರಡೇ" ಎಂದಳು ಪಾಪದ ಹುಡುಗಿ. 'ಬಿಟ್ಟಿದ್ದಾರೆ' ಎಂಬುದು ತಮ್ಮ ಪ್ರತಿಭೆಯ ಮೂಸೆಯಲ್ಲಿ ಕರಗಿ 'ಸಂಪೂರ್ಣ ಕ್ಷೇಮ' ಆಗಿ ಹೊರಬಂದ ಬಗೆ ಇದು.

ಇಂಥ ಮಹತ್ವದ ಶೋಧವನ್ನು ತಾವು ಮನುಷ್ಯರಿಗಷ್ಟೇ ಸೀಮಿತಗೊಳಿಸಬಾರದೆಂದು ನನ್ನ ಪ್ರಾರ್ಥನೆ. ನಮ್ಮ ಲಿಫ್ಟು ಹಲವು ತಿಂಗಳಿಂದ ಒಂಟಿಯಾಗಿ ನಿಂತಿದೆ. ಅದಕ್ಕೂ ನಾಲ್ಕು ಲಿಫ್ಟುಗಳ ಸಂಗವನ್ನು ಬರೆದುಕೊಡಿ. ಚರ್ಚ್‌ಗೇಟಿನ ಲೋಕಲ್ ರೈಲುಗಳಲ್ಲಿ ಜನ ಒಬ್ಬರ ಉಸಿರನ್ನು ಒಬ್ಬರು ಉಸಿರಾಡುತ್ತಾ ಒತ್ತೊತ್ತಾಗಿ ಸಾಗುತ್ತಾರಲ್ಲ, ಅವರಿಗೆ ಇರುವಷ್ಟು ಸಂಗ ಭೂಮಂಡಲದಲ್ಲಿ ಇನ್ನಾರಿಗೂ ಇಲ್ಲವಾದ್ದರಿಂದ, ಮುಂಬಯಿಯ ಗಡಿಯಾದ ದಹಿಸರಿನಿಂದ ಆಚೆಗೂ ಈಚೆಗೂ ಇರುವ ದವಾಖಾನೆಗಳನ್ನೆಲ್ಲ ಮುಚ್ಚಿಸಿ, ಎಲ್ಲ ರೋಗಿಗಳಿಗೂ ಬೆಳಗಿನ ಗಾಡಿಯ ಪಾಸ್ ಬರೆದುಕೊಡುವಂತೆ ಸರ್ಕಾರಕ್ಕೆ ಶಿಫಾರಸು ಮಾಡಿ.

ಇಷ್ಟನ್ನು ನಾನು ಬಹಿರಂಗವಾಗಿ ಬರೆಯಬೇಕಾಗಿರಲಿಲ್ಲ. ವಾರಪತ್ರಿಕೆ ಬಂದ ಮರುದಿನವೇ ಬಾಂದ್ರಾದ ತಮ್ಮ ಕಚೇರಿಗೆ ಬಂದು ನಡೆದದ್ದನ್ನೆಲ್ಲ ಹೇಳಿದೆನಲ್ಲ. ತಾವು ಚಹಾ ತರಿಸಿದಿರಿ, ಸಹನೆಯಿಂದ ಕೇಳಿದಿರಿ. ಕೂಸಿನ ವಿಷಯಕ್ಕೆ ಬಂದಾಗ ತಲೆ ತಗ್ಗಿಸಿದಿರಿ. ನನಗೆ ಒಂದು ಕ್ಷಣ ತಮ್ಮ ಮೇಲೆ ಕರುಣೆಯೇ ಬಂತು. ಆದರೆ ತಲೆ ಎತ್ತಿದಾಗ ತಮ್ಮ ಕಣ್ಣು ಹೊಳೆಯುತ್ತಿತ್ತು. "ರಮಾಮಣಿಯವರೇ, ಯೋಚಿಸಿ ನೋಡಿ! ನಿಮ್ಮ ಗುಂಪು ಇಲ್ಲದಿದ್ದರೆ ಆಕೆಯನ್ನು ಆಸ್ಪತ್ರೆಗೆ ಸೇರಿಸ್ತಿದ್ದವರು ಯಾರು? ಇದಲ್ಲವೇ ಸಾಮಾಜಿಕ ಔಷಧಿ! ಇದನ್ನು ಮುಂದಿನ ಪ್ರಬಂಧದಲ್ಲಿ ಖಂಡಿತ ಸೇರಿಸ್ತೇನೆ" ಎಂದಿರಿ. ನಾನು ಚಹಾ ಅಲ್ಲೇ ಬಿಟ್ಟು ಎದ್ದುಬಂದೆ.

ಮನೆಗೆ ಬಂದು ಪತ್ರಿಕೆಯಲ್ಲಿದ್ದುದನ್ನು ದೇವಕ್ಕನಿಗೂ ಓದಿ ಹೇಳಿದೆ. ಅವಳಿಗೀಗ ಭಾರದ ಕೆಲಸ ಕೂಡದು. ವಿಮಲಾಳ ಮನೆಯಲ್ಲಿ ಕೂತು ಮಾಡುವ ಕೆಲಸ ಮಾಡಿಕೊಂಡಿದ್ದಾಳೆ, ಗುರುವಾರ ನಮ್ಮಲ್ಲಿಗೂ ಬರುತ್ತಾಳೆ, ಯಾರ ಚೀಟಿಯೂ ಇಲ್ಲದೆ. ಪೂರ್ತಿ ಕೇಳಿಸಿಕೊಂಡು, "ನಾ ನಕ್ಕಿದ್ದು ಖರೇನ ಅಕ್ಕಾರ. ಉಸಿರು ಹತ್ತತಿತ್ತು ಅನ್ನೂದು ಬರದಿಲ್ಲೇನ್ರಿ?" ಎಂದಳು.

ಆದ್ದರಿಂದ ಮಾನ್ಯರೇ, ಸೇರಿಸಿ, ಅಗತ್ಯವಾಗಿ ಸೇರಿಸಿ. ನಾವು ಅವಳನ್ನು ಹೊತ್ತುಕೊಂಡು ಇಳಿಸಿದ್ದನ್ನು ಬರೆಯಿರಿ, ವಿಮಲಾಳ ಹೆಸರನ್ನೂ ಬರೆಯಿರಿ, ನಮಗೆ ಅಭ್ಯಂತರವಿಲ್ಲ. ಎಲ್ಲಿಗೆ ಹೊತ್ತುಕೊಂಡು ಹೋದೆವು ಎಂಬುದನ್ನು ಮಾತ್ರ ಬಿಡಬೇಡಿ. ಇನ್ನೊಂದು ಭಜನಾ ಗುಂಪಿಗಲ್ಲ.

ಇಷ್ಟೆಲ್ಲ ಆದ ಮೇಲೂ ವೈದ್ಯಶಾಸ್ತ್ರದ ಮೇಲೆ, ತಮ್ಮ ಮೇಲಲ್ಲ, ವಿಶ್ವಾಸ ಉಳಿಸಿಕೊಂಡಿರುವ,
ರಮಾಮಣಿ

ತಾ.ಕ.: ಈ ಪ್ರಬಂಧವನ್ನು ಮಂಡಿಸಲು ತಾವು ಮುಂದಿನ ತಿಂಗಳು ವಿದೇಶಕ್ಕೆ ಹೊರಟಿದ್ದೀರೆಂದೂ, ಪ್ರಯಾಣಕ್ಕೆ ಮೊದಲು ಇಸಿಜಿ, ಎಕ್ಸ್‌ರೇ, ರಕ್ತಪರೀಕ್ಷೆಗಳನ್ನೆಲ್ಲ ಮಾಡಿಸಿಕೊಂಡಿರೆಂದೂ ತಮ್ಮ ಕಚೇರಿಯ ಜವಾನ ಹೆಮ್ಮೆಯಿಂದ ಹೇಳಿದ. ಎಲ್ಲವೂ ಸರಿಯಿದೆಯೆಂದು ತಿಳಿದು ಸಮಾಧಾನವಾಯಿತು. ಆ ದೇಶದಲ್ಲಿ ತಮ್ಮವರು ಅಂತ ಯಾರೂ ಇಲ್ಲವಂತೆ. ಏದುಸಿರು ಬಂದರೆ ಅಲ್ಲಿಯ ಡಾಕ್ಟರರು ಮೊದಲು ಅದನ್ನೇ ಕೇಳದಿರಲಿ ಎಂದು ನಾವೆಲ್ಲ ಪ್ರಾರ್ಥಿಸುತ್ತೇವೆ.