ಪಾಂಟಿಯಾಕ್ ಮೇಲಿನ ಧೂಳು

ಚೆಸ್ಟರ್: ತೊಳೆದೆಯಾ? ಸೋಪು ಹಾಕಿ ತೊಳೆದೆಯಾ?

ಲೊರೇನ್: ಸೋಪು ಹಾಕ್ದೆ ಕೋಳಿ ಹಿಕ್ಕೆ ಹೋಗುತ್ತಾ?

ಚೆಸ್ಟರ್: ಅಯ್ಯೋ ಮಾರಾಯ್ತಿ, ಆ ಹಿಕ್ಕೆ ನೋಡೇ ಅಲ್ವಾ ನಾನು ಕಾರು ತಗೊಂಡಿದ್ದು!

ಡೆಟ್ರಾಯ್ಟ್ ಪಕ್ಕದ ನಮ್ಮ ಬೀದಿಯಲ್ಲಿ ಶನಿವಾರ ಬೆಳಿಗ್ಗೆಯೇ ಗಲಾಟೆ ಎದ್ದರೆ ಅದು ಪಕ್ಕದ ಮನೆಯ ಚೆಸ್ಟರ್ ನೊವಾಕನ ಗ್ಯಾರೇಜಿನದೇ. ಯಾವುದೋ ರೈತನ ಕೊಟ್ಟಿಗೆಯಲ್ಲಿ ಎಷ್ಟೋ ಕಾಲದಿಂದ ನಿಂತಿದ್ದ ಅರವತ್ತೊಂಬತ್ತನೇ ಇಸವಿಯ ಪಾಂಟಿಯಾಕ್ ಅನ್ನುವ ಭಾರೀ ಎಂಜಿನ್ನಿನ ಮಸಲ್ ಕಾರನ್ನು ಅವನು ಹೋದ ವಾರ ಎಳೆದು ತಂದಿದ್ದ. ಅವತ್ತು ಸಂಜೆಯ ಹಳೇ ಕಾರುಗಳ ಮೇಳದಲ್ಲಿ 'ಕೈ ಮುಟ್ಟದ ಕಾರು' ಅಂತ ಒಂದು ವಿಭಾಗ. ಧೂಳು, ಜೇಡರ ಬಲೆ ಸಮೇತ, ಸಿಕ್ಕಿದ ಹಾಗೇ ನಿಲ್ಲಿಸಬೇಕು. ತೊಳೆದ ಕಾರನ್ನು ಗೇಟಿನೊಳಗೂ ಬಿಡುವುದಿಲ್ಲ. ಒಂದೇ ಒಂದು ಸಲ ಅಲ್ಲಿ ನಿಲ್ಲಬೇಕೆಂಬುದು ಚೆಸ್ಟರನ ಜನ್ಮದ ಆಸೆ. ಕಾರು ನೋಡಲು ಪರೀಕ್ಷಕರು ಇನ್ನೇನು ಬರುವವರಿದ್ದರು.

ಲೊರೇನ್: ಮನೆಗೆ ಜನ ಬರ್ತಾರೆ ಅಂದೆ. ಜನ ಬರ್ತಾರೆ ಅಂದ್ರೆ ತೊಳೀದೆ ಇನ್ನೇನ್ ಮಾಡ್ಲಿ?

ಚೆಸ್ಟರ್: ಬಕೆಟ್ ನೀರೆಲ್ಲಿ? ಸೋಸಿ ಒಣಗಿಸೋಣ!

ಲೊರೇನ್: ಗುಲಾಬಿಗೆ ಹಾಕ್ದೆ.

ಚೆಸ್ಟರ್: ಅಷ್ಟು ವರ್ಷದ ಧೂಳು! ಗುಲಾಬಿಗೆ!

ಲೊರೇನ್: ಮದುವೆಯಾದಾಗಿಂದ ಮನೆ ಒರೆಸ್ತಿದೀನಿ, ಒಂದಿನ ತಿರುಗಿ ನೋಡ್ಲಿಲ್ಲ ನೀನು. ಇವತ್ತು ಕಾರು ಒರೆಸಿದ್ದಕ್ಕೆ ಕಣ್ಣೀರು ಹಾಕ್ತೀಯಲ್ಲೋ.

ಚೆಸ್ಟರ್: ಭಾನುವಾರ ಬಿಡದೆ ಇಲ್ಲಿ ಬೆವರು ಸುರಿಸ್ತೀನಿ, ಲೊರೇನ್! ಮೂಲೇಲಿರೋ ಆ ಮಸ್ಟಾಂಗ್ ಕಾರು ರಿಪೇರಿ ಮಾಡಿ ಮಾಡಿ ನನ್ನ ಬೆನ್ನು ಬಿದ್ದುಹೋಗಿದೆ. ಅದಕ್ಕಾದ್ರೂ ಬೆಲೆ ಬೇಡ್ವಾ?

ಲೊರೇನ್: ಬೆಲೆ ಕೊಟ್ಟೇ ನಮ್ಮಕ್ಕನ ಮನೆ ಭಾನುವಾರದ ಊಟಕ್ಕೆ ನಿನಗೆ ರಜೆ ಕೊಟ್ಟಿರೋದು. ಅಕ್ಕನ ಎಲೆಕೋಸಿನ ಸುರುಳಿ ತಿಂದು, ಭಾವ ತೋರಿಸೋ ನಯಾಗರಾ ಫೋಟೋ ಎಲ್ಲಾ ನೋಡಿ, ನಾನೊಬ್ಳೇ ಬರ್ತೀನಿ.

ಚೆಸ್ಟರ್ ನೇರ ನನ್ನ ಬೇಲಿಗೆ ಓಡಿ ಬಂದ.

ಚೆಸ್ಟರ್: ನಿನ್ನ ಕೋಳಿ ಕೊಡೋ ಸ್ವಲ್ಪ ಹೊತ್ತು.

ನಾನು: ಯಾಕೋ?

ಚೆಸ್ಟರ್: ಬಾನೆಟ್ ಮೇಲೆ ಸುಮ್ನೆ ಕೂತ್ಕೊಳ್ಳಲಿ. ಮಿಕ್ಕಿದ್ದು ಅದಕ್ಕೇ ಗೊತ್ತಿರುತ್ತೆ.

ಕೊಟ್ಟೆ. ನಮ್ಮ ಬರ್ನಿಸ್ ಪಾಪ ನಾಚಿಕೆಯ ಕೋಳಿ. ಮೂರು ಜನ ಸುತ್ತ ನಿಂತು ಹಿಂಭಾಗವನ್ನೇ ದಿಟ್ಟಿಸುತ್ತಿದ್ದರೆ ಅದಕ್ಕಾದರೂ ಹೇಗೆ ಬಂದೀತು?

ಲೊರೇನ್: ಕೋಳಿ ಎತ್ಕೊಂಡು ಹೊರಗೆ ನಡಿ. ಧೂಳು ತಾನೇ? ನಾನ್ ನೋಡ್ಕೋತೀನಿ.

ಬ್ರಷ್ಷು, ಹಿಟ್ಟಿನ ಜರಡಿ ಹಿಡಿದು ಗ್ಯಾರೇಜಿನೊಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಬಾಗಿಲು ತೆರೆದಾಗ ಪಾಂಟಿಯಾಕ್ ಹುಟ್ಟಿದಾಗಿನಿಂದ ನೀರು ಕಾಣದಂತೆ ನಿಂತಿತ್ತು. ಅಷ್ಟರಲ್ಲಿ ಬರ್ನಿಸ್ ಕೂಡ ತನ್ನ ಕೆಲಸ ಮುಗಿಸಿತ್ತು, ಚೆಸ್ಟರನ ಅಂಗಿಯ ಮೇಲೆ.

ಪರೀಕ್ಷಕ ವೆಂಡೆಲ್ ಬಂದರು. ಭೂತಗನ್ನಡಿ ಹಿಡಿದು ಬಗ್ಗಿದರು, ಮೂಸಿದರು, ಬೆರಳಿಗೆ ಚೂರು ಹಚ್ಚಿಕೊಂಡು ನಾಲಿಗೆಗೂ ಮುಟ್ಟಿಸಿಕೊಂಡರು.

ವೆಂಡೆಲ್: ನಕಲಿ ಧೂಳು ಬಳಿಯೋ ಕಳ್ಳರನ್ನ ಬೇಕಾದಷ್ಟು ನೋಡಿದೀನಿ.

ಚೆಸ್ಟರ್: ಹೌದಾ ಸರ್? ಛೆ, ಎಂಥ ಜನ.

ವೆಂಡೆಲ್: ಇದು ಅಸಲಿ! ಏನಿಲ್ಲಾಂದ್ರೂ ಇಪ್ಪತ್ತು ವರ್ಷದ್ದು. ಈ ಧೂಳು ಕೂತಿದ್ದ ಜಾಗಕ್ಕೆ ಒಂದು ದಿನವೂ ಒಬ್ಬ ಮನುಷ್ಯ ಕೈ ಹಾಕಿಲ್ಲ. ಬೈಬಲ್ ಮುಟ್ಟಿ ಹೇಳ್ತೀನಿ.

ಮೇಳಕ್ಕೆ ಒಪ್ಪಿಗೆಯ ಗುರುತಾಗಿ ಕಾರಿನ ಕನ್ನಡಿಗೆ ಹಳದಿ ರಿಬ್ಬನ್ ಕಟ್ಟಿ ಹೊರಟರು. ಚೆಸ್ಟರ್ ಹೆಂಡತಿಯನ್ನು ಎತ್ತಿಕೊಂಡು ಕುಣಿದೇಬಿಟ್ಟ.

ಚೆಸ್ಟರ್: ನನ್ನ ಬಂಗಾರ! ನಿನ್ನಂಥೋಳು ಯಾರಿಗೂ ಸಿಗಲ್ಲ! ಎಲ್ಲಿಂದ ತಂದ್ಯೇ ಆ ಧೂಳನ್ನ?

ಲೊರೇನ್: ನಿನ್ನ ಟೂಲ್ ಬಾಕ್ಸ್ ಮೇಲಿಂದ.

ಚೆಸ್ಟರ್ ಅವಳನ್ನು ಮೆಲ್ಲಗೆ ಕೆಳಗಿಳಿಸಿದ.

ಲೊರೇನ್: ಒಂದು ದಿನವೂ ಒಬ್ಬ ಮನುಷ್ಯ ಕೈ ಹಾಕಿಲ್ವಂತೆ. ಬೈಬಲ್ ಮುಟ್ಟಿ ಹೇಳ್ತಾರಂತೆ.

ಚೆಸ್ಟರ್: ಲೊರೇನ್, ಅದು... ಆ ಮಸ್ಟಾಂಗ್ ಸೀಟು ಇದೆಯಲ್ಲ, ಮಲಗೋಕೆ ತುಂಬಾ ಮೆತ್ತಗಿದೆ ಕಣೇ...

ಲೊರೇನ್: ನಾಳೆ ನಿನಗೂ ಊಟ ಅಕ್ಕನ ಮನೇಲಿ. ನಯಾಗರಾ ಫೋಟೋ ಮೊದಲಿಂದ ತೋರಿಸೋಕೆ ಭಾವಂಗೆ ಹೇಳ್ತೀನಿ. ಈಗ ಹೋಗಿ ಸ್ನಾನ ಮಾಡು, ಸೋಪು ಹಾಕಿ. ನಿನ್ನನ್ನ ತೊಳೆದ್ರೆ ಬೆಲೆಯೇನೂ ಇಳಿಯಲ್ಲ.